ನಾಲ್ಕು ಬೆರಳು

ಅಂತ್ಯಕ್ರಿಯೆಯ ಗಲಾಟೆಯೆಲ್ಲ ಮುಗಿದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಅದು. ನಲ್ಲಿಯಲ್ಲಿ ನೀರು ಬಂತು. ಪೇಪರಿನವನು ಎಂದಿನಂತೆ ಪೇಪರನ್ನು ಚಪ್ಪಲಿಗಳ ಮೇಲೆ ಎಸೆದು ಹೋದ. ಎದುರುಮನೆಯ ಸ್ಕೂಟರು ಒದೆ ತಿಂದು ತಿಂದು ಕೊನೆಗೆ ಎದ್ದಿತು. ಅವಳ ಗಂಡ ಸತ್ತ ಸುದ್ದಿಯನ್ನು ಇವಕ್ಕೆಲ್ಲ ಯಾರೂ ಮುಟ್ಟಿಸಿದಂತಿರಲಿಲ್ಲ.

ಮನೆಯಲ್ಲಿ ಉಳಿದಿದ್ದ ನೆಂಟರಿಗೆಲ್ಲ ಚಹಾ ಕೊಟ್ಟು ಮುಗಿಸಿದಾಗ ಅವಳಿಗೆ ಲೋಟ ಉಳಿದಿರಲಿಲ್ಲ. ಎಂದೋ ಲ್ಯಾಬಿನಿಂದ ಮನೆಗೆ ಬಂದಿದ್ದ, ಅಂಚು ಒಡೆದ ಬೀಕರಿನಲ್ಲಿ ಸುರಿದುಕೊಂಡಳು. ಊರಿಗೆ ಬಿಡುವ ನೀರನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಯೂನಿವರ್ಸಿಟಿಯಲ್ಲಿ ಕಲಿತದ್ದೂ ಅದನ್ನೇ. ಬೀಕರಿನ ಗೆರೆ ನೋಡಿಕೊಂಡು ಕುಡಿದಳು. ಅಳು ಮಾತ್ರ ಯಾವ ಗೆರೆಯವರೆಗೂ ಏರಿರಲಿಲ್ಲ. ಎಲ್ಲರೂ ಕಾದು ಕಾದು ಬೇಸತ್ತಿದ್ದರು.

ನಡುಮನೆಯಲ್ಲಿ ಸಭೆ ಸೇರಿತ್ತು. ವಿಷಯ: ನಾಲ್ಕು ಬೆರಳು.

ಆ ವಿಷಯ ಹುಟ್ಟಿದ್ದು ಅವಳು ನಿಜ ಹೇಳಿದ್ದರಿಂದ. ಆಸ್ಪತ್ರೆಯ ಕೊನೆಯ ಸಂಜೆ ಗಂಡನ ಮೂಗು, ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್ ಕೂತಿತ್ತು. ಮಾತಾಡುವಂತಿರಲಿಲ್ಲ. ಅವನು ಅವಳನ್ನೇ ನೋಡಿ, ಹೆಬ್ಬೆರಳು ಮಡಚಿ, ನಾಲ್ಕು ಬೆರಳು ಎತ್ತಿ ತೋರಿಸಿದ. ಗೊತ್ತಾಗಲಿಲ್ಲ ಎಂದು ಅವಳು ತಲೆಯಾಡಿಸಿದಾಗ, ದಡ್ಡಿಗೆ ಪಾಠ ಹೇಳುವವನಂತೆ ಇನ್ನೊಂದು ಸಲ ತೋರಿಸಿ ಕಣ್ಣು ಮುಚ್ಚಿದ. ಮತ್ತೆ ತೆರೆಯಲಿಲ್ಲ. "ಕೊನೇಲಿ ನಮ್ಮಣ್ಣ ಏನಾದ್ರೂ ಹೇಳಿದ್ನಾ ಅತ್ತಿಗೆ?" ಎಂದು ನಾದಿನಿ ಕೇಳಿದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಏನೂ ಹೇಳಲಿಲ್ಲ ಅಂದಿದ್ದರೆ ತಲೆನೋವೇ ಇರುತ್ತಿರಲಿಲ್ಲ.

"ನಾಲ್ಕು ಅಂದ್ರೆ ನಾಲ್ಕು ಮನೆ," ಎಂದು ಚಿಕ್ಕಮಾವ ತೀರ್ಪು ಕೊಟ್ಟರು. ಗಂಡನ ಚಿಕ್ಕಪ್ಪ ಅವರು. ಮನೆತನಕ್ಕೆ ಹಿರಿಯರು. ಬಗ್ಗಿದಾಗಲೆಲ್ಲ ಜಾರಿ ಬೀಳುತ್ತಿದ್ದ ಅವರ ಕನ್ನಡಕಕ್ಕೆ ಎರಡು ದಿನದಿಂದ ಕೆಂಪು ಹಳದಿ ಹೆಣಿಗೆಯ ದಾರ ಬಂದಿತ್ತು. ಆ ಧೈರ್ಯದ ಮೇಲೆ ಅವರು ಈಗ ಎಲ್ಲದಕ್ಕೂ ಬಗ್ಗಿ ನೋಡುತ್ತಿದ್ದರು. "ಒಂದು ನಿನ್ನ ಭಾವನ ಮನೆ, ಒಂದು ನಾದಿನಿ ಮನೆ, ಒಂದು ನಿನ್ನ ಅಣ್ಣನ ಮನೆ, ಒಂದು ನಂದು. ಮನೆಗೆ ಮೂರು ತಿಂಗಳು. ವರ್ಷಕ್ಕೆ ಸರಿಹೋಯ್ತು. ಹುಡುಗ ಎಂಥಾ ಲೆಕ್ಕಾಚಾರದವನು ನೋಡು! ಸಾಯೋ ಹೊತ್ತಲ್ಲೂ ನಿನ್ನ ವ್ಯವಸ್ಥೆ ಮಾಡಿ ಹೋದ."

"ನಾನು ಇಲ್ಲೇ ಇರ್ತೀನಿ ಮಾವ. ನಂಗೆ ಕೆಲಸ ಇದೆ."

"ಕೆಲಸ ಎಲ್ಲಿಗೆ ಓಡಿಹೋಗುತ್ತೆ? ನೀರು ತಾನೆ ನೋಡೋದು? ನಮ್ಮ ಕಡೆ ಏನು ನೀರಿಲ್ವಾ?"

"ಒಬ್ಬಳೇ ಹೇಗಮ್ಮ ಇರ್ತೀಯ?" ಎಂದರು ಭಾವ, ಗಂಡನ ಅಣ್ಣ.

"ಎರಡು ರೂಮು ಭಾವ. ಒಂದರಲ್ಲಿ ಇದ್ದು ಸಾಕಾದ್ರೆ ಇನ್ನೊಂದಕ್ಕೆ ಹೋಗ್ತೀನಿ."

ಅವಳ ಸ್ವಂತ ಅಣ್ಣ ಮಾತ್ರ ಬೆನ್ನು ಸವರಿ, "ಪುಟ್ಟೀ, ಈಗ ಹಟ ಮಾಡಬೇಡ. ಸತ್ತವರ ಮಾತು ಮೀರಬಾರದು," ಎಂದ. ಗಂಡ ನಿಜವಾಗಿ ಅದನ್ನೇ ಹೇಳಿದ್ದನೋ ಏನೋ. ಒಂದೇ ಸ್ಯಾಂಪಲ್ ಹಿಡಿದುಕೊಂಡು ಇಡೀ ಕೆರೆಯ ಬಗ್ಗೆ ತೀರ್ಮಾನ ಮಾಡಬಾರದು ಎಂದು ಅವಳಿಗೆ ಗೊತ್ತಿತ್ತು. ಆದರೆ ಇನ್ನೊಂದು ಸ್ಯಾಂಪಲ್ ಕೇಳೋಣವೆಂದರೆ ಕೆರೆಯೇ ಬತ್ತಿಹೋಗಿತ್ತು.

ಬೆಳಿಗ್ಗೆಯೇ ಸಾಮಾನು ಹೊರಟಿತು. ನಾದಿನಿ ತಾನು ತಂದಿದ್ದ ಹಾಸಿಗೆಗಳನ್ನು ಸುತ್ತಿ, ಮಂಚದ ಕೆಳಗೆ ಕೈಗೆ ಸಿಕ್ಕಿದ್ದರಲ್ಲಿ ಬಿಗಿದು, ವ್ಯಾನಿನ ನೆತ್ತಿಗೇರಿಸಿದಳು. ಅದು ಅಲ್ಲಿ ಬಲೆಗೆ ಬಿದ್ದ ಆನೆಮರಿಯಂತೆ ಕೂತಿತು. ಬೆಳಗಿನಿಂದ ರಚ್ಚೆ ಹಿಡಿದಿದ್ದ ಭಾವನ ಕೊನೆಯ ಮಗಳು ಈಗ ತೆಪ್ಪಗಾಗಿ, ಫ್ರಾಕಿನೊಳಗೆ ಏನನ್ನೋ ತುರುಕಿಕೊಂಡು, ಊಟ ಹೆಚ್ಚಾದ ಯಜಮಾನನಂತೆ ಹೊಟ್ಟೆ ಮುಂದೆ ಮಾಡಿ ವ್ಯಾನು ಹತ್ತಿದಳು. ಅಣ್ಣ ತನ್ನ ಬೈಕಿನ ಚಕ್ರಕ್ಕೆ ಬುಸ್ ಬುಸ್ ಎಂದು ಗಾಳಿ ಹೊಡೆದು, ದಾರಿಯಲ್ಲಿ ಮತ್ತೆ ಬೇಕಾದೀತೆಂದು ಪಂಪನ್ನೂ ಪಕ್ಕದ ಪೆಟ್ಟಿಗೆಗೆ ಸೇರಿಸಿದ. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಯಾವುದೂ ತಲೆಗೆ ಹೋಗಲಿಲ್ಲ.

"ಸಾಯಂಕಾಲ ಐದಕ್ಕೆ ವ್ಯಾನು ವಾಪಸ್ ತರ್ತೀವಿ," ಎಂದರು ಚಿಕ್ಕಮಾವ. "ಬಟ್ಟೆ ಬರೆ ಕಟ್ಟಿಟ್ಟಿರು. ಮೊದಲ ಸರದಿ ಭಾವನದು."

ಮನೆ ಖಾಲಿಯಾಯಿತು. ಮಧ್ಯಾಹ್ನ ಕಳೆದರೂ ಅವಳು ಬಟ್ಟೆ ಕಟ್ಟಲಿಲ್ಲ. ಆಸ್ಪತ್ರೆಯಿಂದ ಬಂದ ಚೀಲವನ್ನು ನೆಂಟರು ಯಾರೋ ಆಗಲೇ ಬಿಚ್ಚಿ, ಅದರಲ್ಲಿದ್ದದ್ದನ್ನು ಶೆಲ್ಫಿನ ಮೇಲೆ ಜೋಡಿಸಿದ್ದರು. ಕೈಗಡಿಯಾರ, ಬಾಚಣಿಗೆ, ಒಂದು ಬೋಳು ಸೀಟಿ.

ಸೀಟಿ ಅವನದಲ್ಲ, ಶಾಲೆಯ ಡ್ರಿಲ್ ಮೇಷ್ಟ್ರದ್ದು. ಅವನು ಬೀದಿಯವರ ವಾಲಿಬಾಲ್ ಆಟಕ್ಕೆ ಅಂಪೈರ್ ಆಗಿದ್ದ. ಆಡಲು ಬಾರದವನು ಆಡಿಸಲಾದರೂ ಬರಲಿ ಎಂದು ನಿಯಮ ಕಲಿತುಕೊಂಡಿದ್ದ. ಆದರೆ ಬೇರೆಯವರ ವಸ್ತು ಮನೆಯಲ್ಲಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಒಮ್ಮೆ ಜೋರು ಮಳೆಯಲ್ಲಿ ಯಾರದೋ ಕೊಡೆ ಕೇಳಿ ತಂದು, ಮಳೆ ನಿಲ್ಲುವ ಮೊದಲೇ ಅದನ್ನು ವಾಪಸು ಕೊಟ್ಟು, ತೊಪ್ಪೆಯಾಗಿ ಮನೆಗೆ ಬಂದಿದ್ದ.

ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ಮೆಟ್ಟಿಲಿಳಿದಳು. ಒಂದು ವಾರದಿಂದ ಯಾರೂ ಅವಳಿಗೆ ಒಂದು ಕೆಲಸ ಮಾಡಲು ಬಿಟ್ಟಿರಲಿಲ್ಲ. ನೀರಿನ ಕೊಡ ಎತ್ತಿದರೆ ಕಿತ್ತುಕೊಳ್ಳುತ್ತಿದ್ದರು, ಪೊರಕೆ ಹಿಡಿದರೆ ಕಿತ್ತುಕೊಳ್ಳುತ್ತಿದ್ದರು. ಇದೊಂದನ್ನಾದರೂ ತಾನೇ ಮಾಡಿಬಿಡಬೇಕು ಅನ್ನಿಸಿತು.

ಕೆಳಮನೆಯ ಆಂಟಿ ಬಾಗಿಲಲ್ಲೇ ಸಿಕ್ಕರು. ಬೀದಿಯವರು ಅವರನ್ನು ಮೈಕು ಎಂದು ಕರೆಯುತ್ತಿದ್ದರು. ಕಿವಿಗೆ ಬಿದ್ದದ್ದು ಅವರ ಬಾಯಿಂದ ಹತ್ತು ಪಟ್ಟು ದೊಡ್ಡದಾಗಿ ಹೊರಬರುತ್ತಿತ್ತು.

"ಎಲ್ಲಿಗೆ ಮಗಳೇ? ಕೈಯಲ್ಲೇನು? ಸೀಟಿ! ಅಯ್ಯೋ, ಸೀಟಿ ಹಿಡ್ಕೊಂಡು ಬೀದಿಗೆ ಹೊರಟ್ಯಾ?"

"ಡ್ರಿಲ್ ಮೇಷ್ಟ್ರಿಗೆ ವಾಪಸ್ ಕೊಡಬೇಕು ಆಂಟಿ."

"ಕೊಡು ಇಲ್ಲಿ, ನಾನು ಕೊಡ್ತೀನಿ."

"ಬೇಡ, ನಾನೇ ಕೊಡ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ. ಈ ಸ್ಥಿತೀಲಿ ನಿನ್ನೊಬ್ಬಳನ್ನೇ ಹೇಗೆ ಬಿಡೋದು?" ಎಂದು ಮೈಕು ಚಪ್ಪಲಿ ಮೆಟ್ಟಿತು.

ಶಾಲೆ ಮೈದಾನದ ಆಚೆ ತುದಿಗಿತ್ತು, ಮೇಷ್ಟ್ರ ಮನೆ ಶಾಲೆಯ ಹಿಂದೆ. ಮನೆಗೆ ಬೀಗ. ಸಂಜೆ ಬರುತ್ತಾರೆ ಎಂದು ಪಕ್ಕದವರು ಹೇಳಿದರು. ತಿರುಗಿ ಬರುವಾಗ ಮೈದಾನದಲ್ಲಿ ಎರಡು ಗುಂಪು ಕೂತಿತ್ತು. ರಜೆಯ ದಿನ. ನೆಟ್ಟಿಲ್ಲದ ಎರಡು ಕಂಬಗಳ ಈಚೆಗೆ ಮೇಲಿನ ಬೀದಿಯವರು, ಆಚೆಗೆ ಕೆಳಗಿನ ಬೀದಿಯವರು. ಯಾರೂ ಆಡುತ್ತಿರಲಿಲ್ಲ. ಜಮೀನು ವ್ಯಾಜ್ಯದ ಎರಡು ಕಕ್ಷಿಗಳಂತೆ ಮುಖ ಊದಿಸಿಕೊಂಡು ಕೂತಿದ್ದರು.

ಅವಳನ್ನು ಕಂಡು ಎಲ್ಲರೂ ಎದ್ದು ನಿಂತರು. ಮೇಲಿನ ಬೀದಿಯ ಕ್ಯಾಪ್ಟನ್ ದರ್ಜಿ. ಕೆಳಗಿನ ಬೀದಿಯ ಕ್ಯಾಪ್ಟನ್ ಎಲೆಕ್ಟ್ರಿಷಿಯನ್. ಫ್ಯಾನು ಬಿಚ್ಚಲು ಅವನಿಗೆ ಏಣಿ ಬೇಡವಾದ್ದರಿಂದ ಅವನ ಹೆಸರೇ ಏಣಿ.

"ತುಂಬಾ ಒಳ್ಳೇವರಾಗಿದ್ರು ಅಕ್ಕ," ಎಂದ ದರ್ಜಿ.

"ದೇವರಂಥವರು," ಎಂದ ಏಣಿ.

ಆಮೇಲೆ ದರ್ಜಿ ಕೆಮ್ಮಿದ. "ಅಕ್ಕ, ಕೇಳಬಾರದು. ಆದ್ರೂ... ಅಂಪೈರು ಆಸ್ಪತ್ರೇಲಿ ಆಟದ ವಿಷಯ ಏನಾದ್ರೂ ಹೇಳಿದ್ರಾ?"

ಸಂಗತಿ ಇಷ್ಟು. ಅವನು ಕುಸಿದದ್ದು ಈ ಮೈದಾನದಲ್ಲೇ, ಎತ್ತರದ ಸ್ಟೂಲಿನ ಮೇಲೆ, ಕೊನೆಯ ಸೆಟ್ಟಿನಲ್ಲಿ. ಮೇಲಿನ ಬೀದಿಗೆ ಹದಿನಾಲ್ಕು ಪಾಯಿಂಟ್, ಕೆಳಗಿನ ಬೀದಿಗೆ ಹದಿಮೂರು. ಇನ್ನೊಂದು ಸಿಕ್ಕರೆ ಮೇಲಿನ ಬೀದಿ ಗೆದ್ದಂತೆ. ಬಾಲ್ ಮೇಲಿನ ಬೀದಿಯ ಅಂಕಣದಲ್ಲಿ ಬಿತ್ತು. ಅಂಪೈರು ಸೀಟಿ ಬಾಯಿಗಿಟ್ಟ. ಊದಲಿಲ್ಲ, ಬಿದ್ದ. ಪಾಯಿಂಟ್ ಯಾರದು ಎಂದು ಅಂದಿನಿಂದ ಜಗಳ. ಸೋತವರು ವರ್ಷವಿಡೀ ಮೈದಾನದ ಕಳೆ ಕಿತ್ತು ಗೆರೆಗೆ ಸುಣ್ಣ ಹಾಕಬೇಕೆಂದು ಪಣವಿತ್ತು. ಹೊಸದಾಗಿ ಆಡೋಣವೆಂದರೆ ನೆಟ್ಟು, ಬಾಲು ತರುತ್ತಿದ್ದವನೂ ಅವನೇ. ಅಂದು ಬಿಚ್ಚಿ ಅವನ ಮನೆಗೆ ಮುಟ್ಟಿಸಿದ್ದನ್ನು ಸಾವಿನ ಮನೆಯಿಂದ ಕೇಳುವುದು ಹೇಗೆ?

ಅವಳು ಬಾಯಿ ತೆರೆಯುವ ಮೊದಲೇ ಮೈಕು ಮೊಳಗಿತು. "ಬಾಯಲ್ಲಿ ಏನೂ ಹೇಳಿಲ್ವಂತೆ. ಹೀಗೆ ನಾಲ್ಕು ಬೆರಳು ತೋರಿಸಿದ್ರಂತೆ!"

ಮೇಲಿನ ಬೀದಿಯ ಆರೂ ಜನ "ಹೋ!" ಎಂದು ಕುಣಿದರು. ಕುಣಿದದ್ದು ಯಾರ ಮುಂದೆ ಎಂದು ನೆನಪಾಗಿ ಗಾಳಿಯಲ್ಲೇ ನಿಂತವರಂತೆ ಮೆಲ್ಲಗೆ ಇಳಿದರು.

"ಕ್ಷಮಿಸಿ ಅಕ್ಕ," ಎಂದ ದರ್ಜಿ, ತುಟಿಯ ನಗು ನುಂಗುತ್ತ. "ನಾಲ್ಕು ಬೆರಳು ಅಂದ್ರೆ ನಾಲ್ಕು ಟಚ್. ಫೌಲ್. ಪಾಯಿಂಟ್ ನಮ್ದು."

ಅವಳು ಎರಡು ಹೆಜ್ಜೆ ಮುಂದೆ ಬಂದಳು. "ನಾಲ್ಕು ಬೆರಳಿಗೆ ವಾಲಿಬಾಲಲ್ಲಿ ಅರ್ಥ ಇದೆಯಾ?"

"ಅಂಪೈರ್ ಭಾಷೆ ಅಕ್ಕ ಅದು. ಎರಡು ಬೆರಳಿಗೆ ಒಂದರ್ಥ, ನಾಲ್ಕಕ್ಕೆ ಒಂದರ್ಥ."

"ನಂಗೆ ಮೊದಲಿಂದ ಹೇಳಿಕೊಡಿ," ಎಂದಳು. "ಒಂದೂ ಬಿಡಬೇಡಿ."

"ಮನೆಗೆ ನಡಿ ಮಗಳೇ," ಎಂದಿತು ಮೈಕು.

ಅವಳು ಹೋಗಿ ಅಂಪೈರಿನ ಸ್ಟೂಲು ಹತ್ತಿ ಕೂತಳು.

ದರ್ಜಿ ಜೇಬಿನಿಂದ ಬಿಳಿ ನೂಲಿನ ಉಂಡೆ ತೆಗೆದು ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿದ. ಅದು ನೆಟ್ಟು. ಅಂಗಡಿಯಿಂದ ಬಟ್ಟೆ ಚೂರು ತರಿಸಿ ಉಂಡೆ ಮಾಡಿದ. ಅದು ಬಾಲು. ಹನ್ನೆರಡು ಗಂಡಸರು, ಗಂಡ ಸತ್ತ ಹೆಂಗಸೊಬ್ಬಳಿಗೆ ವಾಲಿಬಾಲ್ ಕಲಿಸಲು, ಚಿಂದಿ ಬಟ್ಟೆಯ ಉಂಡೆ ಹಿಡಿದು ನಿಂತರು.

"ಒಂದೊಂದು ಕಡೆ ಆರಾರು ಜನ," ಶುರು ಮಾಡಿದ ಏಣಿ. "ಹಿಂದಿನ ಗೆರೆ ಆಚೆ ನಿಂತು ಸರ್ವಿಸ್ ಹೊಡೀಬೇಕು. ಗೆರೆ ತುಳಿದ್ರೆ ಹೋಯ್ತು. ಬಾಲನ್ನ ಹಿಡಿಯೋ ಹಾಗಿಲ್ಲ, ಹೊಡೀಬೇಕು ಅಷ್ಟೇ."

"ಹಿಡಿದ್ರೆ?"

"ಹಿಡಿದ್ರೆ ಫೌಲ್. ಒಬ್ಬನೇ ಒಂದರ ಹಿಂದೆ ಒಂದು ಎರಡು ಸಲ ಹೊಡೆದ್ರೂ ಫೌಲ್."

"ನೆಟ್ ತಾಗಿಸಿದ್ರೂ ಫೌಲ್," ಎಂದ ದರ್ಜಿ. "ಈ ನೆಟ್ ತಾಗಿದ್ರೆ ಹರಿದೇ ಹೋಗುತ್ತೆ. ಸುಳ್ಳು ಹೇಳೋಕಾಗಲ್ಲ."

"ಬಾಲು ಗೆರೆ ಮೇಲೆ ಬಿದ್ರೆ?"

"ಗೆರೆ ಒಳಗಿನ ಲೆಕ್ಕ ಅಕ್ಕ. ಚೂರು ತಾಗಿದ್ರೂ ಒಳಗೇ. ಅದನ್ನ ಹೊರಗೆ ಅನ್ನೋ ಹಾಗಿಲ್ಲ."

ಅವಳಿಗೆ ಆ ನಿಯಮ ಹಿಡಿಸಿತು.

"ಎದುರಾಳಿ ಕೈಲಿದ್ದ ಸರ್ವಿಸ್ ಸರದಿ ನಮಗೆ ಬಂದಾಗೆಲ್ಲ ಆಟಗಾರರು ಒಂದೊಂದು ಜಾಗ ಸರೀಬೇಕು, ಗಡಿಯಾರದ ಮುಳ್ಳಿನ ಥರ. ಹಿಂದಿದ್ದವನು ಮುಂದೆ, ಮುಂದಿದ್ದವನು ಪಕ್ಕಕ್ಕೆ. ಒಂದೇ ಕಡೆ ಬೇರು ಬಿಡೋ ಹಾಗಿಲ್ಲ."

"ಎಲ್ಲರೂ ಸರೀಬೇಕಾ? ನಾನೂ?"

ದರ್ಜಿಗೆ ನಗು ಬಂತು. "ನೀವ್ಯಾಕೆ? ಅಂಪೈರು ಸುತ್ತೋದಿಲ್ಲ ಅಕ್ಕ. ಅಂಪೈರು ಕೂತಲ್ಲೇ ಕೂತಿರ್ತಾರೆ. ಉಳಿದವರೇ ಸುತ್ತೋದು."

"ಇನ್ನೊಂದು ಸಲ ಹೇಳಿ," ಎಂದಳು.

"ಅಂಪೈರು ಸುತ್ತೋದಿಲ್ಲ."

"ಮನೆಗೆ ನಡಿ ಮಗಳೇ, ಬಿಸಿಲು," ಎಂದಿತು ಮೈಕು.

"ಈಗ ಮುಖ್ಯ ವಿಷಯ," ಎಂದ ದರ್ಜಿ. "ಬಾಲು ನಮ್ಮ ಕಡೆ ಬಂದ ಮೇಲೆ ಮೂರೇ ಟಚ್. ಮೂರರೊಳಗೆ ಆಚೆ ಕಳಿಸಬೇಕು. ನಾಲ್ಕನೇದು ಫೌಲ್."

"ಎಷ್ಟು ಸಲ ಹೇಳೋದು ಮಗಳೇ, ಮನೆಗೆ ನಡಿ..."

ಪೀ...! ಸೀಟಿ ಊದಿದ್ದು ತಾನೇ ಎಂದು ಅವಳಿಗೂ ತಡವಾಗಿ ತಿಳಿಯಿತು. ಮೈಕು ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"ಮೂರಾಯ್ತು ಆಂಟಿ," ಎಂದಳು. "ನಾಲ್ಕನೇದು ಫೌಲ್."

ಮದುವೆಯಾಗಿ ಬಂದಂದಿನಿಂದ ಆ ಬಾಯಿ ನಡುವೆ ನಿಂತದ್ದನ್ನು ಅವಳು ನೋಡಿರಲಿಲ್ಲ. ಕೈಯಲ್ಲಿದ್ದ ಕರಿಯ ಪ್ಲಾಸ್ಟಿಕ್ ತುಂಡನ್ನು ಗೌರವದಿಂದ ತಿರುಗಿಸಿ ನೋಡಿದಳು.

ಆಮೇಲೆ ಅಂದಿನ ಕೊನೆಯ ಬಾಲನ್ನು ಮತ್ತೆ ಆಡಿ ತೋರಿಸಿದರು. ದರ್ಜಿ ಹಾರಿ ಹೊಡೆದ. ನೂಲಿನ ಆಚೆ ಏಣಿ ಎರಡೂ ಕೈ ಎತ್ತಿ ಅಡ್ಡ ಕೊಟ್ಟ. ಚಿಂದಿಯುಂಡೆ ಅವನ ಕೈಗೆ ತಾಗಿ ಅವನ ಕಡೆಗೇ ಬಿತ್ತು. ಅವನ ಕಡೆಯವನೊಬ್ಬ ಎತ್ತಿದ, ಇನ್ನೊಬ್ಬ ಏರಿಸಿದ, ಮೂರನೆಯವನು ಆಚೆ ಹೊಡೆದ.

"ಲೆಕ್ಕ ಹಾಕಿ ಅಕ್ಕ," ಎಂದ ದರ್ಜಿ. "ಏಣಿದು ಒಂದು. ಆಮೇಲೆ ಮೂರು. ಒಟ್ಟು ನಾಲ್ಕು."

"ನಾನು ಹೊಡೆದೇ ಇಲ್ಲ!" ಎಂದು ಏಣಿ ಕೂಗಿದ. "ಬರೀ ಅಡ್ಡ ಹಿಡಿದೆ. ಬಾಗಿಲು ಹಾಕಿಕೊಂಡ್ರೆ ಬಂದವರನ್ನ ಮಾತಾಡಿಸಿದ ಹಾಗಾಗುತ್ತಾ?"

"ಬಾಲು ತಾಗಿತೋ ಇಲ್ಲವೋ?"

"ತಾಗಿತು, ಆದ್ರೆ..."

"ತಾಗಿದ್ದು ತಾಗಿದ್ದೇ!"

ಅಲ್ಲಿದ್ದ ಹನ್ನೆರಡು ಜನರಲ್ಲಿ ಇದರ ನಿಯಮ ಖಚಿತವಾಗಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಗೊತ್ತಿದ್ದವನು ಕೊನೆಗೆ ನಾಲ್ಕು ಬೆರಳು ತೋರಿಸಿ ಹೋಗಿದ್ದ. ಏಣಿಯೇ ತಲೆ ತಗ್ಗಿಸಿದ. "ಅಂಪೈರು ಆ ಸ್ಥಿತೀಲೂ ತೀರ್ಪು ಕೊಟ್ರಲ್ಲ. ಅದಕ್ಕೆ ಎದುರಾಡಿದ್ರೆ ನಾವು ಮನುಷ್ಯರಾ? ಆಯ್ತಕ್ಕ, ಊದಿ."

ಅವಳು ಸೀಟಿ ಊದಿದಳು. ಹೆಬ್ಬೆರಳು ಮಡಚಿ ನಾಲ್ಕು ಬೆರಳು ಎತ್ತಿದಳು. ಹದಿನೈದು, ಹದಿಮೂರು. ಮೇಲಿನ ಬೀದಿಯವರು ಮರ್ಯಾದೆಯಿಂದ, ಸದ್ದಿಲ್ಲದೆ ಕುಣಿದರು.

ಅವಳಿಗೆ ಹಗುರಾಯಿತು. ನಾಲ್ಕು ಮನೆಯಲ್ಲ, ನಾಲ್ಕು ಟಚ್. ಹಗುರಾದ ಕಡೆಯಲ್ಲೇ ಒಂದು ಮುಳ್ಳೂ ಚುಚ್ಚಿತು. ಕೊನೆಗೆ ತನ್ನನ್ನೇ ನೋಡುತ್ತ ಅವನು ಹೇಳಿದ್ದು ಏಣಿಯ ಫೌಲಿನ ವಿಷಯ. ಇರಲಿ. ಮುಳ್ಳಿಗೆ ಆಮೇಲೆ ಬಿಡುವು ಮಾಡಿಕೊಂಡರಾಯಿತು.

ಐದಕ್ಕೆ ವ್ಯಾನು ಮನೆಗೆ ಹೋಗಿ, ಬೀಗ ನೋಡಿ, ಹುಡುಕಿಕೊಂಡು ಮೈದಾನಕ್ಕೇ ಬಂತು. ಹಿಂದೆಯೇ ಅಣ್ಣನ ಬೈಕು. ಚಿಕ್ಕಮಾವ, ಭಾವ, ನಾದಿನಿ ಸಾಲಾಗಿ ಇಳಿದರು. ಸ್ಟೂಲಿನ ತುದಿಯಲ್ಲಿ ಕೂತ ಸೊಸೆಯನ್ನು ನೋಡಲು ಅವರೆಲ್ಲ ಕತ್ತು ಮೇಲೆತ್ತಬೇಕಾಯಿತು.

"ಏನಿದು ಅವತಾರ?" ಎಂದು ಚಿಕ್ಕಮಾವ ಮುಂದೆ ನುಗ್ಗಿದರು. ಪಟ್ ಎಂದು ನೂಲು ಹರಿಯಿತು.

ಪೀ...!

"ನೆಟ್ ತಾಗಿಸಿದ್ರಿ ಮಾವ. ಆಚೆ ನಿಂತು ಮಾತಾಡಿ."

ಚಿಕ್ಕಮಾವನ ಕನ್ನಡಕ ಜಾರಿ ದಾರದಲ್ಲಿ ತೂಗಾಡಿತು. ಭಾವ ಮೆದುವಾಗಿ ಶುರು ಮಾಡಿದರು. "ನೋಡಮ್ಮ, ಜನ ನೋಡ್ತಿದ್ದಾರೆ. ವ್ಯಾನು ಹತ್ತು. ಎಲ್ಲ ಮನೇಲಿ ಮಾತಾಡೋಣ." ಅವಳು ಸೀಟಿ ಬಾಯಿಗಿಟ್ಟುಕೊಂಡಳು. ಭಾವ ಮತ್ತೆ, "ನೋಡಮ್ಮ..." ಎಂದರು.

ಪೀ...! ಎರಡು ಬೆರಳು. "ಒಬ್ಬರೇ ಒಂದರ ಹಿಂದೆ ಒಂದು ಎರಡು ಸಲ ಹೊಡೆಯೋ ಹಾಗಿಲ್ಲ ಭಾವ."

"ಪುಟ್ಟೀ, ತಲೆ ಕೆಟ್ಟಿದೆಯಾ?" ಎಂದು ಅಣ್ಣ ಬಂದು ಅವಳ ಕೈ ಹಿಡಿದೆಳೆದ.

ಪೀ...! "ಹಿಡಿಯೋ ಹಾಗಿಲ್ಲ!" ಎಂದು ಅವಳ ಬದಲು ಹನ್ನೆರಡು ಗಂಡಸರು ಒಟ್ಟಿಗೆ ಕೂಗಿದರು. ಅಣ್ಣ ಬಿಸಿ ಪಾತ್ರೆ ಬಿಟ್ಟಂತೆ ಕೈ ಬಿಟ್ಟ.

"ಮಾವ," ಎಂದಳು ಅವಳು. ಅವಳ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಅವರು ಹೇಳಿದ್ದು ನಾಲ್ಕು ಮನೆ ಅಲ್ಲ. ನಾಲ್ಕು ಟಚ್. ಆಟದ ತೀರ್ಪು. ಬೇಕಾದ್ರೆ ಇವರನ್ನ ಕೇಳಿ."

ಚಿಕ್ಕಮಾವ ತಿರುಗಿ ನೋಡಿದರು. ಹನ್ನೆರಡು ಕೈಗಳು ನಾಲ್ಕು ನಾಲ್ಕು ಬೆರಳು ಎತ್ತಿ ನಿಂತಿದ್ದವು. ಕಡೆಗೆ ಮೈಕಿನ ಕೈಯೂ ಎದ್ದಿತು.

"ಹಾಗಾದ್ರೆ ನಮ್ಮ ಹುಡುಗ ಕೊನೇಲಿ ಹೇಳಿದ್ದು... ವಾಲಿಬಾಲಾ?"

"ನಮ್ಮಣ್ಣಂಗೆ ಸಾಯೋವಾಗ್ಲೂ ಇದೇ ಧ್ಯಾನಾನಾ?" ಎಂದು ನಾದಿನಿ ಸೆರಗು ಬಾಯಿಗಿಟ್ಟುಕೊಂಡಳು.

"ನಾನು ಎಲ್ಲೂ ಸುತ್ತಲ್ಲ," ಎಂದಳು ಅವಳು. "ನಾಳೆ ಕೆಲಸಕ್ಕೆ ಹೋಗ್ತೀನಿ. ನಿಮಗೆ ನನ್ನನ್ನ ನೋಡಬೇಕು ಅನ್ನಿಸಿದ್ರೆ ನೀವು ಬನ್ನಿ. ಒಬ್ಬೊಬ್ಬರಾಗಿ, ಸರದಿ ಪ್ರಕಾರ. ನಿಮ್ಮ ಮನೆಗಳಿಗೆ ಮಾತ್ರ ನಾನು ಕಾಲಿಡಲ್ಲ."

ಸತ್ತವರ ಮಾತಿಗೆ ಸತ್ತವರ ಮಾತೇ ಅಡ್ಡ ಬಂದಿತ್ತು. ವ್ಯಾನು ಅವಳಿಲ್ಲದೆ ತಿರುಗಿತು.

ಡ್ರಿಲ್ ಮೇಷ್ಟ್ರು ಜಗುಲಿಯಲ್ಲಿ ಕೂತು ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ಜೀವನವಿಡೀ ಮಕ್ಕಳನ್ನು ಓಡಿಸಿ ಈಗ ತಾವು ಕುಂಟುತ್ತ ನಡೆಯುವ ಸ್ಥಿತಿ. "ಬಾ ತಾಯಿ," ಎಂದರು. ಸಂತಾಪದ ಮಾತೇನೂ ಆಡಲಿಲ್ಲ. ಅದಕ್ಕೇ ಅವಳಿಗೆ ಮಾತು ಬಂತು. ಬೆರಳಿನಿಂದ ಹಿಡಿದು ತನ್ನ ತೀರ್ಪಿನವರೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತುಸು ಹೆಮ್ಮೆಯೂ ಬಂತು.

ಮೇಷ್ಟ್ರು ಎಣ್ಣೆಯ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. "ತಪ್ಪು ತೀರ್ಪು ತಾಯಿ."

"ಯಾಕೆ? ನಾಲ್ಕು ಟಚ್ ಆಯ್ತಲ್ಲ?"

"ಬ್ಲಾಕ್ ಲೆಕ್ಕಕ್ಕಿಲ್ಲ. ನೆಟ್ ಹತ್ತಿರ ಕೈ ಅಡ್ಡ ಕೊಟ್ಟಾಗ ತಾಗಿದ್ದನ್ನ ಮೂರರಲ್ಲಿ ಸೇರಿಸೋ ಹಾಗಿಲ್ಲ. ಆಮೇಲಿಂದ ಮೂರು. ಆ ಉದ್ದನೆಯವನು ಹೇಳಿದ್ದೇ ಸರಿ. ಹದಿನಾಲ್ಕು, ಹದಿನಾಲ್ಕು. ಆಟ ಇನ್ನೂ ಮುಗಿದಿಲ್ಲ."

"ಹಾಗಾದ್ರೆ ಅವರು ಯಾಕೆ ನಾಲ್ಕು..."

"ಅವನು ಆ ತಪ್ಪು ಮಾಡೋನಲ್ಲ. ಬ್ಲಾಕಿನ ನಿಯಮ ಅವನಿಗೆ ನಾನೇ ಹೇಳಿಕೊಟ್ಟದ್ದು. ಮೂರು ಸಲ ಕೇಳಿ ಬಾಯಿಪಾಠ ಮಾಡಿಕೊಂಡು ಹೋದ." ಮೇಷ್ಟ್ರು ಅವಳ ಮುಷ್ಟಿಯ ಕಡೆ ನೋಡಿದರು. ಅವರ ಮುಖದಲ್ಲಿ ಏನೋ ಹೊಳೆದು, ನಗುವಾಗಲೋ ಬೇಡವೋ ಎಂದು ಅನುಮಾನಿಸಿತು. "ಹೆಬ್ಬೆರಳು ಹೀಗೆ ಮಡಚಿದ್ನಾ?"

"ಹೂಂ."

"ಆಟದ ದಿನ ಬೆಳಿಗ್ಗೆ ಆ ಗೇಟಿನ ಹತ್ತಿರ ನಿಂತು ನಂಗೂ ಹಾಗೇ ತೋರಿಸಿದ್ದ. 'ನಾಲ್ಕೂ ನಾಳೆ ಬೆಳಿಗ್ಗೆ ವಾಪಸ್ ಮೇಷ್ಟ್ರೇ' ಅಂತ. ನನ್ನ ನಾಲ್ಕು ಸಾಮಾನು ತಗೊಂಡು ಹೋಗಿದ್ದ. ಸೀಟಿ, ನೆಟ್ಟು, ಬಾಲು, ಗಾಳಿ ಪಂಪು."

ಅವಳು ಜಗುಲಿಯ ಅಂಚಿನಲ್ಲಿ ಕೂತಳು.

ಪ್ರೀತಿಯ ಮಾತಲ್ಲ. ಹೋಗಿಬರ್ತೀನಿ ಅಂತಲೂ ಅಲ್ಲ. ಮಾಸ್ಕಿನ ಹಿಂದಿನಿಂದ ಅವನು ಹೇಳಿದ್ದು, ನಾಲ್ಕು ಸಾಮಾನು ಇದೆ, ಕೊಟ್ಟುಬಿಡು. ಗೊತ್ತಾಗಲಿಲ್ಲವಾ, ಇನ್ನೊಂದು ಸಲ ನೋಡು, ನಾಲ್ಕು. ಕೋಣೆಯ ಹೊರಗೇ ಭಾವ ಇದ್ದರು, ನಾದಿನಿ ಇದ್ದಳು. ಅವನು ಹೇಳಿದ್ದು ಅವಳಿಗೆ. ಅವಳಾದರೆ ಮರೆಯುವುದಿಲ್ಲ ಎಂದು.

ವಾರದಿಂದ ಎಲ್ಲರೂ ಕಾಯುತ್ತಿದ್ದದ್ದು ಆಗ ಬಂತು. ಮೇಷ್ಟ್ರು ಮಂಡಿಯ ಎಣ್ಣೆಯಲ್ಲಿ ಮಗ್ನರಾದಂತೆ ನಟಿಸಿದರು. ಅಳುವಿನ ಬೆನ್ನಿಗೇ ಅವಳಿಗೆ ಆನೆಮರಿ ನೆನಪಾಯಿತು.

ವ್ಯಾನಿನ ಮೇಲೆ ಬಲೆಗೆ ಬಿದ್ದ ಆನೆಮರಿ. ಬಲೆ! ನೆಟ್ಟು ನಾದಿನಿಯ ಮನೆ ಸೇರಿತ್ತು. ಭಾವನ ಮಗಳ ಗುಂಡು ಹೊಟ್ಟೆ. ಬಾಲು ಭಾವನ ಮನೆ ಸೇರಿತ್ತು. ಬುಸ್ ಬುಸ್. ಪಂಪು ಅಣ್ಣನ ಬೈಕಿನ ಪೆಟ್ಟಿಗೆಯಲ್ಲಿತ್ತು. ನಿಮ್ಮ ಮನೆಗಳಿಗೆ ಕಾಲಿಡಲ್ಲ ಎಂದು ಹನ್ನೆರಡು ಸಾಕ್ಷಿ ಮತ್ತು ಒಂದು ಮೈಕಿನ ಮುಂದೆ ಸೀಟಿ ಊದಿ ಹೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಏನಾಯ್ತು ತಾಯಿ?"

"ಏನಿಲ್ಲ ಮೇಷ್ಟ್ರೇ." ಅವಳು ಮೂಗು ಒರೆಸಿಕೊಂಡು ಎದ್ದಳು. "ಉಳಿದ ಮೂರನ್ನೂ ನಾನೇ ತಂದುಕೊಡ್ತೀನಿ. ಬೇರೆ ಯಾರನ್ನೂ ಕಳಿಸಲ್ಲ. ಹೊಸ್ತಿಲ ಮೇಲೆ ನಿಂತು ಕೇಳ್ತೀನಿ, ತಗೊಂಡು ಬರ್ತೀನಿ. ಚಹಾ ಕುಡಿ ಅಂತ ಮೂರು ಸಲ ಹೇಳಬಹುದು. ನಾಲ್ಕನೇ ಸಲಕ್ಕೆ ನಾನಿರಲ್ಲ."

"ಹೊಸ್ತಿಲೂ ಗೆರೆಯೇ ತಾಯಿ," ಎಂದರು ಮೇಷ್ಟ್ರು. "ಗೆರೆ ಮೇಲೆ ಬಿದ್ದದ್ದು ಒಳಗಿನ ಲೆಕ್ಕ."

"ಹಾಗಾದ್ರೆ ಬೀದಿಯಲ್ಲೇ ನಿಂತು ಕೂಗ್ತೀನಿ."

ಮೂರು ಮನೆ. ಹಲ್ಲು ಕಚ್ಚಿದರೆ ಮೂರು ಭಾನುವಾರದಲ್ಲಿ ಮುಗಿಯುತ್ತದೆ. ಸದ್ಯ, ಚಿಕ್ಕಮಾವನ ಮನೆಯೊಂದಾದರೂ ತಪ್ಪಿತಲ್ಲ ಎಂದುಕೊಂಡು ಅವಳು ಸೀಟಿಯನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಮೇಷ್ಟ್ರ ಅಂಗೈಯಲ್ಲಿಟ್ಟಳು.

ಮೇಷ್ಟ್ರು ಅದನ್ನು ಕಣ್ಣ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ದಾರ ಎಲ್ಲಿ ತಾಯಿ?" ಎಂದರು. "ನನ್ನ ಮೊಮ್ಮಗಳು ಹೆಣೆದದ್ದು. ಕೆಂಪು, ಹಳದಿ."